ಎಂಟು ನಿಮಿಷ ಇಪ್ಪತ್ತು ಸೆಕೆಂಡಿನ ಮಿಡಿತ

ಜೂನ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷವಿರುವಾಗ, ಆ ಚುಕ್ಕೆ ಮಿಡಿಯುತ್ತಿದೆ ಎಂದು ನನಗೆ ಮೊದಲ ಸಲ ಕಂಡಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಅದು ನನ್ನ ನೋಟ್‌ಬುಕ್ಕಿನಲ್ಲಿದೆ. ಅದರ ಮೇಲಿನ ಸಾಲಿನಲ್ಲಿ "ಹೆಬ್ಬಾಳದಲ್ಲಿ ಬಸ್ಸು ನಲವತ್ತು ನಿಮಿಷ ನಿಂತಿತು, ಮಜ್ಜಿಗೆ ಚೆಲ್ಲಿ ಬ್ಯಾಗೆಲ್ಲ ಹುಳಿ ವಾಸನೆ" ಎಂದೂ ಇದೆ. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ನನಗೆ ಎಂದೂ ಬರಲಿಲ್ಲ. ನಡೆದದ್ದನ್ನೆಲ್ಲ ತಾರೀಕು ಹಾಕಿ ಬರೆದಿಡುತ್ತೇನೆ.

ಚುಕ್ಕೆ ಎಂದೆನಲ್ಲ, ಅದು ಒಂದು ಸುರುಳಿ ಗೆಲಾಕ್ಸಿಯ ತೋಳಿನ ನಡುವೆ ಇದೆ. ಮಾಮೂಲಿ ಬೆಳಕಿನ ಚಿತ್ರದಲ್ಲಿ ಆ ಜಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕ್ಷ-ಕಿರಣದ ಚಿತ್ರ ತೆರೆದರೆ ಮಾತ್ರ ಗೆಲಾಕ್ಸಿಯೆಲ್ಲ ಮಂಕಾಗಿ ಅದೊಂದೇ ಕಣ್ಣಿಗೆ ಹೊಡೆಯುತ್ತದೆ. ಸೂರ್ಯ ಎಲ್ಲ ಬಗೆಯ ಬೆಳಕನ್ನೂ ಸೇರಿಸಿ ಸುರಿಯುವ ಶಕ್ತಿಯ ಲಕ್ಷಗಟ್ಟಲೆ ಪಟ್ಟನ್ನು ಅದು ಕ್ಷ-ಕಿರಣದಲ್ಲೇ ಸುರಿಯುತ್ತದೆ. ಇಂಥವಕ್ಕೆ ಅತಿಪ್ರಖರ ಕ್ಷ-ಕಿರಣ ಆಕರಗಳೆಂದು ಹೆಸರು. ಒಂದು ಕಪ್ಪುರಂಧ್ರ ಪಕ್ಕದ ನಕ್ಷತ್ರವನ್ನು ಸುಲಿದು ತಿನ್ನುತ್ತಿರಬಹುದು, ಅಥವಾ ನ್ಯೂಟ್ರಾನ್ ನಕ್ಷತ್ರವೊಂದು ತನ್ನ ಅಳತೆ ಮೀರಿ ತಿನ್ನುತ್ತಿರಬಹುದು. ಯಾವುದು ಎಂದು ಹೇಳುವುದು ಕಷ್ಟ. ಆದರೆ ಕಪ್ಪುರಂಧ್ರಕ್ಕೆ ಗಟ್ಟಿಯಾದ ಮೈಯಿಲ್ಲ, ಅದು ಗಡಿಯಾರದ ಹಾಗೆ ತಪ್ಪದೆ ಮಿಡಿಯಲಾರದು. ಮಿಡಿದರೆ ಅದು ನ್ಯೂಟ್ರಾನ್ ನಕ್ಷತ್ರ. ಹಾಗೆ ಮಿಡಿಯುವವು ಸಿಕ್ಕಿರುವುದು ಬೆರಳೆಣಿಕೆಯಷ್ಟು.

ಅಂಥದ್ದೊಂದು ನನ್ನ ಪರದೆಯ ಮೇಲೆ ಐನೂರು ಸೆಕೆಂಡಿಗೊಮ್ಮೆ, ಅಂದರೆ ಎಂಟು ನಿಮಿಷ ಇಪ್ಪತ್ತು ಸೆಕೆಂಡಿಗೊಮ್ಮೆ, ಕುಂದಿ ಮತ್ತೆ ಏರುತ್ತಿತ್ತು. ಸೂರ್ಯನ ಬೆಳಕು ಭೂಮಿಗೆ ಬರಲು ಹೆಚ್ಚು ಕಡಿಮೆ ಇಷ್ಟೇ ಹೊತ್ತು ಬೇಕು. ವರ್ಷ ವರ್ಷವೂ ಬಿ.ಎಸ್ಸಿ. ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಡುವ ಸಂಖ್ಯೆ. ಭೌತಶಾಸ್ತ್ರ ಪಾಠ ಮಾಡುವವಳು ಶಕುನ ನಂಬಬಾರದು. ಅವತ್ತು ಒಂದು ಗಳಿಗೆ ನಂಬಿದೆ.

ಯಲಹಂಕದ ಒಂದು ಕಾಲೇಜಿನಲ್ಲಿ ಬೆಳಗಿನ ತರಗತಿಗಳನ್ನು ಮುಗಿಸಿ, ವಾರಕ್ಕೆ ಎರಡು ಮಧ್ಯಾಹ್ನ ಹೆಬ್ಬಾಳ ದಾಟಿ ಒಂದು ಸಂಶೋಧನಾ ಸಂಸ್ಥೆಗೆ ಹೋಗುವುದು ನನ್ನ ಪರಿಪಾಠವಾಗಿತ್ತು. ಪಿಎಚ್.ಡಿ.ಗೆ ನೋಂದಣಿಯಾಗಿ ಆರು ವರ್ಷ ಕಳೆದಿತ್ತು. ಎರಡು ಸಲ ಅವಧಿ ವಿಸ್ತರಣೆ ಪಡೆದಿದ್ದೆ, ಮೂರನೆಯದಕ್ಕೆ ನಿಯಮದಲ್ಲಿ ಜಾಗವಿರಲಿಲ್ಲ. ಡಿಸೆಂಬರ್ ಕೊನೆಯೊಳಗೆ ಪ್ರಬಂಧ ಸಲ್ಲಿಸಬೇಕು, ಅದರ ಜೊತೆಗೆ ಯಾವುದಾದರೂ ಪತ್ರಿಕೆ ಒಪ್ಪಿಕೊಂಡ ಒಂದು ಲೇಖನವನ್ನು ಲಗತ್ತಿಸಲೇಬೇಕು. ಇಲ್ಲವಾದರೆ ನೋಂದಣಿ ರದ್ದು. ಪ್ರಬಂಧ ಮುಕ್ಕಾಲು ಪಾಲು ತಯಾರಿತ್ತು, ಲೇಖನ ಇರಲಿಲ್ಲ. ಮಿಡಿತ ಸಿಕ್ಕ ಮೇಲೆ ಲೇಖನ ಇದ್ದ ಹಾಗೇ ಎಂದುಕೊಂಡೆ.

ಆಕಾಶ ನೋಡುವುದು ನನ್ನ ಕೆಲಸವಲ್ಲ. ಬಾಹ್ಯಾಕಾಶದ ದೂರದರ್ಶಕವೊಂದು ಅದನ್ನು ವರ್ಷಗಳ ಹಿಂದೆಯೇ ನೋಡಿ ಮುಗಿಸಿದೆ. ಕಂಡದ್ದೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕಡತಗಳಾಗಿ ಬಿದ್ದಿದೆ. ಕಡತದೊಳಗಿರುವುದು ಒಂದು ಉದ್ದನೆಯ ಪಟ್ಟಿ. ಸಾಲಿಗೊಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ. ಅದು ಕ್ಯಾಮೆರಾದ ಚಿಪ್‌ನ ಮೇಲೆ ಎಲ್ಲಿ ಬಿತ್ತು, ಯಾವ ಕ್ಷಣದಲ್ಲಿ, ಎಷ್ಟು ಶಕ್ತಿಯೊಂದಿಗೆ, ಇಷ್ಟೇ ಮಾಹಿತಿ. ಮೊದಲು ಅದರಿಂದ ಕಲ್ಲು, ಕಸ ಆರಿಸಬೇಕು. ಆಮೇಲೆ ಚುಕ್ಕೆಯ ಸುತ್ತ ಒಂದು ವೃತ್ತ ಎಳೆದು ಅದರೊಳಗಿನ ಫೋಟಾನ್‌ಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಪಕ್ಕದ ಖಾಲಿ ಆಕಾಶದಲ್ಲಿ ಇನ್ನೊಂದು ವೃತ್ತ ಎಳೆದು ಹಿನ್ನೆಲೆಯನ್ನು ಕಳೆಯಬೇಕು. ಸುರುಳಿಯ ತೋಳಿನಲ್ಲಿ ಖಾಲಿ ಆಕಾಶ ಸಿಗುವುದು ಸುಲಭವಲ್ಲ, ಬಿಸಿ ಅನಿಲ ಎಲ್ಲೆಲ್ಲೂ ಮಬ್ಬಾಗಿ ಹರಡಿರುತ್ತದೆ. ಆ ಎರಡನೆಯ ವೃತ್ತವನ್ನು ನಾನು ಹನ್ನೊಂದು ಸಲ ಎಳೆದು ಅಳಿಸಿದ್ದೇನೆ. ನಡುವೆ ಸಂಸ್ಥೆಯ ಗಣಕಗಳಿಗೆ ಹೊಸ ಆವೃತ್ತಿಯ ತಂತ್ರಾಂಶ ಹಾಕಿದರು, ಹಳೆಯ ಲೆಕ್ಕಗಳೆಲ್ಲ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನ ಬಂತು, ಹದಿನಾರು ದಿನ ಹೋಯಿತು.

ಮಿಡಿತ ಹುಡುಕುವ ವಿಧಾನ ಸೀರೆ ಮಡಚುವುದಕ್ಕೆ ಹತ್ತಿರವಾದದ್ದು. ಅರ್ಧ ದಿನದ ವೀಕ್ಷಣೆಯನ್ನು ಇಷ್ಟಿಷ್ಟು ಸೆಕೆಂಡಿನ ಮಡಿಕೆ ಮಾಡಿ ಒಂದರ ಮೇಲೊಂದು ಇಡುತ್ತೀರಿ. ಮಡಿಕೆಯ ಅಳತೆ ತಪ್ಪಾಗಿದ್ದರೆ ಏರಿಳಿತಗಳು ಒಂದನ್ನೊಂದು ಅಳಿಸಿಕೊಂಡು ಗೆರೆ ಸಪಾಟಾಗುತ್ತದೆ. ಅಳತೆ ಸರಿಯಿದ್ದರೆ ಸೀರೆಯ ಅಂಚೆಲ್ಲ ಒಂದೇ ಕಡೆ ಕೂತ ಹಾಗೆ ಏರು ಏರಿನ ಮೇಲೆ, ಇಳಿತ ಇಳಿತದ ಮೇಲೆ ಕೂರುತ್ತದೆ. ಐನೂರರಲ್ಲಿ ಅಂಚು ಕೂತಿತ್ತು.

ನನ್ನ ಗೈಡ್ ನನಗಿಂತ ಆರು ವರ್ಷ ಚಿಕ್ಕವರು. ನಾನು ಅವರಿಗೆ ಸರ್ ಅನ್ನುತ್ತೇನೆ, ಅವರು ನನಗೆ ಮೇಡಂ ಅನ್ನುತ್ತಾರೆ. ಚಿತ್ರ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

"ಮೇಡಂ, ಇದು ಚೆನ್ನಾಗಿದೆ. ತುಂಬಾ ಚೆನ್ನಾಗಿದೆ, ಅದಕ್ಕೇ ನಂಗೆ ಭಯ. ದೂರದರ್ಶಕದ ತೂಗಾಟ ನೋಡಿದ್ರಾ?"

"ಇನ್ನೂ ಇಲ್ಲ ಸರ್."

"ಮೊದ್ಲು ಅದನ್ನ ನೋಡ್ಕೊಂಡ್ ಬನ್ನಿ. ಆಮೇಲೆ ಸಿಹಿ ಹಂಚೋಣ."

ಆ ದೂರದರ್ಶಕವನ್ನು ಬೇಕೆಂದೇ ಸ್ವಲ್ಪ ತೂಗಾಡಿಸುತ್ತಿರುತ್ತಾರೆ. ದೋಸೆ ಒಂದೇ ಕಡೆ ಸೀಯದಿರಲೆಂದು ಕಾವಲಿ ಸರಿಸುತ್ತೇವಲ್ಲ, ಹಾಗೆ ಬೆಳಕು ಚಿಪ್‌ನ ಒಂದೇ ಕಡೆ ಬೀಳದಿರಲೆಂದು. ಒಂದು ದಿಕ್ಕಿನಲ್ಲಿ ಈ ತೂಗಾಟಕ್ಕೆ ಸಾವಿರ ಸೆಕೆಂಡು, ಅಡ್ಡ ದಿಕ್ಕಿನಲ್ಲಿ ಏಳುನೂರು ಚಿಲ್ಲರೆ. ನಿಮಗೆ ಸಿಕ್ಕ ಮಿಡಿತ ಈ ಎರಡರಲ್ಲಿ ಒಂದಾಗಿದ್ದರೆ ಅದು ನಕ್ಷತ್ರದ್ದಲ್ಲ, ದೂರದರ್ಶಕದ್ದು. ನಾನು ಕೈಪಿಡಿ ತೆರೆದು ಎರಡೂ ಸಂಖ್ಯೆಗಳನ್ನು ಬರೆದುಕೊಂಡೆ. "ಸಾವಿರ: ಅಲ್ಲ. ಏಳುನೂರು ಚಿಲ್ಲರೆ: ಅಲ್ಲ." ಎರಡರ ಮುಂದೆಯೂ ಕೆಂಪು ಪೆನ್ನಿನಲ್ಲಿ ಸರಿ ಗುರುತು. ಕೈಪಿಡಿಯ ಅದೇ ಪುಟದಲ್ಲಿ ತೂಗಾಟದ ಪರಿಣಾಮವನ್ನು ಪೂರ್ತಿ ಕಳೆದುಹಾಕುವ ಒಂದು ತಂತ್ರಾಂಶ ಉಪಕರಣದ ವಿವರವೂ ಇತ್ತು. ಹೇಗೂ ಸಂಖ್ಯೆ ತಾಳೆಯಾಗುತ್ತಿಲ್ಲ, ಇನ್ನು ಅದೆಲ್ಲ ಯಾಕೆ ಎಂದು ಪುಟ ತಿರುವಿದೆ.

ಆ ಪುಟ ತಿರುವಿದ್ದಕ್ಕೆ ಐದು ತಿಂಗಳು ಕೊಟ್ಟೆ.

ಲೇಖನ ಬರೆಯಲು ಜುಲೈ ಪೂರ್ತಿ ಹಿಡಿಯಿತು. ಆಗಸ್ಟ್ ಮೊದಲ ವಾರ ಒಂದು ವಿದೇಶಿ ಪತ್ರಿಕೆಗೆ ಕಳಿಸಿದೆವು. ಸೆಪ್ಟೆಂಬರಿನಲ್ಲಿ ಪರಿಶೀಲಕರ ಟಿಪ್ಪಣಿಗಳು ಬಂದವು, ನಾಲ್ಕು ಪುಟ. ಆ ಚುಕ್ಕೆ ಗೆಲಾಕ್ಸಿಯೊಳಗೇ ಇದೆ, ಅದರ ಹಿಂದೆ ಬಹುದೂರದಲ್ಲಿರುವ ಬೇರೇನೋ ಅಲ್ಲ ಎಂಬುದಕ್ಕೆ ಏನು ಆಧಾರ? ಹಿನ್ನೆಲೆಯ ವೃತ್ತ ಅಲ್ಲೇ ಯಾಕೆ? ಒಂದೊಂದಕ್ಕೂ ಉತ್ತರ ಬರೆದೆ. ಗಣೇಶನ ಹಬ್ಬದ ದಿನ ಕಡುಬು ಹಬೆಯಲ್ಲಿ ಬೇಯುತ್ತಿದ್ದಾಗ ಊಟದ ಮೇಜಿನ ಮೇಲೆ ಮೂರನೆಯ ಟಿಪ್ಪಣಿಗೆ ಉತ್ತರ ತಯಾರಾಯಿತು, ಕಡುಬು ಒಡೆದುಹೋದವು. ತೂಗಾಟದ ಬಗ್ಗೆ ಪರಿಶೀಲಕರು ಒಂದೇ ಒಂದು ಸಾಲು ಕೇಳಿದ್ದರು. "ಮಿಡಿತದ ಅವಧಿಯು ತೂಗಾಟದ ಯಾವ ಅವಧಿಗೂ ಸಮನಲ್ಲ" ಎಂದು ನಾನೂ ಒಂದು ಸಾಲು ಬರೆದೆ. ಅವರು ಒಪ್ಪಿದರು. ಅಕ್ಟೋಬರ್ ಕೊನೆಯಲ್ಲಿ ಸ್ವೀಕೃತಿ ಪತ್ರ ಬಂತು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕು ಹಂಚಿದೆ. ಮನೆಯವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವತ್ತು ಕಾರ್ಖಾನೆಯ ಹತ್ತಿರದ ನಾಗಸಂದ್ರದಿಂದ ಅಲ್ಲಾಳಸಂದ್ರದ ಮನೆಯವರೆಗೆ ಬಸ್ಸು ಬದಲಾಯಿಸಿ ಬದಲಾಯಿಸಿ ಮಲ್ಲಿಗೆ ಹೂವು ಬಾಡದ ಹಾಗೆ ಹಿಡಿದುಕೊಂಡು ಬಂದರು. ಗದುಗಿನ ಕಡೆಯವರು ನಾವಿಬ್ಬರೂ. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಮನೆಯೊಳಗಿನ ಮಾತು ಮಾತ್ರ ಬದಲಾಗಿಲ್ಲ.

"ಇನ್ನ ಮುಗೀತಲ್ಲ? ಮಂಗಳವಾರ, ಗುರುವಾರ ರೊಟ್ಟಿ ಬಡಿಯೋ ಡ್ಯೂಟಿ ನಂದು ಕ್ಯಾನ್ಸಲ್ಲ?"

"ಥೀಸಿಸ್ ಕೊಡೋತನಕ ಬಡೀರಿ. ಆಮ್ಯಾಲ ನೋಡೂಣಂತ."

ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಇನ್ನಷ್ಟು ತೂಕ ಬರಲಿ ಎಂದು ನವೆಂಬರಿನಲ್ಲಿ, ಅದರಲ್ಲಿ ನಾನು ಆರಿಸಿಕೊಂಡಿದ್ದ ಉಳಿದ ನಾಲ್ಕು ಗೆಲಾಕ್ಸಿಗಳ ಆಕರಗಳಲ್ಲೂ ಮಿಡಿತ ಹುಡುಕಲು ಕೂತೆ. ಒಂದರಲ್ಲಿ ಸಿಕ್ಕಿದೆ, ಇನ್ನೊಂದು ಸಿಗಬಾರದೇಕೆ ಎಂಬ ಆಸೆ. ಹದಿನೇಳು ಆಕರಗಳಲ್ಲಿ ಸಪಾಟು ಗೆರೆ. ಹದಿನೆಂಟನೆಯದರಲ್ಲಿ ಏರಿಳಿತ ಎದ್ದು ಕಂಡಿತು. ಖುಷಿಯಿಂದ ಸಂಖ್ಯೆ ನೋಡಿದೆ. ಐನೂರು ಸೆಕೆಂಡು.

ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದೆ. ಬರೆದು, ಜೂನ್ ತಿಂಗಳ ಪುಟಕ್ಕೆ ತಿರುಗಿಸಿದೆ. ಇವೆರಡೂ ಬೇರೆ ಬೇರೆ ಗೆಲಾಕ್ಸಿಗಳು, ನಡುವೆ ಎಷ್ಟೋ ಲಕ್ಷ ಜ್ಯೋತಿರ್ವರ್ಷಗಳ ಅಂತರ. ಒಂದಕ್ಕೊಂದು ಗೊತ್ತೇ ಇಲ್ಲದ ಎರಡು ನಕ್ಷತ್ರಗಳು ಸೆಕೆಂಡು ಲೆಕ್ಕದಲ್ಲಿ ಒಂದೇ ತಾಳ ಹಾಕುವುದಿಲ್ಲ. ತಾಳ ಹಾಕುತ್ತಿರುವುದು ಎರಡರ ಎದುರಿಗೂ ಇದ್ದ ಬೇರೇನೋ. ಐನೂರರ ಪಕ್ಕದಲ್ಲಿ ಎರಡರಿಂದ ಗುಣಿಸಿ ಬರೆದೆ. ಸಾವಿರ.

ಚಿಪ್‌ನ ನಕ್ಷೆ ತೆಗೆದು ಚುಕ್ಕೆ ಓಡಾಡಿದ ದಾರಿಯನ್ನು ಅದರ ಮೇಲೆ ಬಿಡಿಸಿದೆ. ಈ ಕೆಲಸಕ್ಕೆ ಬೇಕಾದದ್ದು ಇಪ್ಪತ್ತು ನಿಮಿಷ. ಜೂನ್‌ನಲ್ಲೂ ಇಪ್ಪತ್ತೇ ನಿಮಿಷ ಬೇಕಾಗುತ್ತಿತ್ತು. ದಾರಿಯ ನಟ್ಟನಡುವೆ ಚಿಪ್‌ನ ಒಂದು ಸಾಲು ಕೆಟ್ಟಿತ್ತು, ಅಲ್ಲಿ ಬಿದ್ದ ಫೋಟಾನ್ ದಾಖಲಾಗುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಅತ್ತಿತ್ತ ಕತ್ತು ತಿರುಗಿಸುವ ಗೋಡೆ ಫ್ಯಾನು ಒಂದಿದೆ. ಮೂಲೆಯಲ್ಲಿ ಕೂತವರಿಗೆ ಒಂದು ಸುತ್ತಿಗೆ ಒಂದೇ ಸಲ ಗಾಳಿ. ನಡುವೆ ಕೂತವರಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ, ಎರಡು ಸಲ. ನನ್ನ ಚುಕ್ಕೆ ಸಾವಿರ ಸೆಕೆಂಡಿನ ತೂಗಾಟದಲ್ಲಿ ಆ ಕೆಟ್ಟ ಸಾಲನ್ನು ಹೋಗುವಾಗೊಮ್ಮೆ ಬರುವಾಗೊಮ್ಮೆ ದಾಟುತ್ತಿತ್ತು. ದಾಟಿದಾಗಲೆಲ್ಲ ಮಂಕಾಗುತ್ತಿತ್ತು. ದೂರದರ್ಶಕ ಪ್ರತಿ ಸಲವೂ ಗೆಲಾಕ್ಸಿಯನ್ನು ಚಿಪ್‌ನ ಹೆಚ್ಚು ಕಡಿಮೆ ಅದೇ ಜಾಗಕ್ಕೆ ತಂದು ನಿಲ್ಲಿಸುವುದರಿಂದ ಎರಡನೆಯ ಗೆಲಾಕ್ಸಿಯಲ್ಲೂ ಅದೇ ಕತೆ. ನಾನು ಪುಟ ತಿರುವಿಬಿಟ್ಟ ಆ ಉಪಕರಣವನ್ನು ಹಚ್ಚಿದೆ. ಎರಡೂ ಗೆರೆಗಳು ಸಪಾಟಾದವು.

ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಸರ್ ಕೇಳಿದ್ದರು, ಪರಿಶೀಲಕರು ಕೇಳಿದ್ದರು, ಕೈಪಿಡಿಯಲ್ಲಿ ಬರೆದಿತ್ತು. ನಾನು ಎರಡು ಸಂಖ್ಯೆ ನೋಡಿ ಕೆಂಪು ಗುರುತು ಹಾಕಿದ್ದೆ.

ಮನೆಯವರಿಗೆ ಅವತ್ತು ಸಂಜೆ ಹೇಳಿದೆ. ಅವರು ಹಿಟ್ಟು ನಾದುತ್ತಿದ್ದರು.

"ಅಂದ್ರ ಚುಕ್ಕಿ ಕೆಟ್ಟಿಲ್ಲ, ಕ್ಯಾಮೆರಾ ಕೆಟ್ಟೈತಿ."

"ಕ್ಯಾಮೆರಾದ್ದೂ ತಪ್ಪಿಲ್ರೀ. ಆ ಸಾಲು ಕೆಟ್ಟೈತಿ ಅಂತ ಅವ್ರು ಬರದಿಟ್ಟಾರ. ನಾ ನೋಡಲಿಲ್ಲ."

"ಪತ್ರಿಕಿಯವ್ರಿಗೆ ಗೊತ್ತಾಗೇತೇನು?"

"ಇಲ್ಲ."

"ಹಂಗಾರ ಸುಮ್ನ ಥೀಸಿಸ್ ಕೊಟ್ಟುಬಿಡು. ಆರು ವರ್ಷ ರೊಟ್ಟಿ ಬಡದವ ನಾ. ನಂದೂ ಒಂದ್ ಓಟ್ ಇರ್ಲಿ."

ತಮಾಷೆಯ ಧಾಟಿಯಲ್ಲಿ ಅಂದರೂ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಾಯಿತು. ಅವರಿಗೂ ಸಾಕಾಗಿತ್ತು.

ಮರುದಿನ ಸಂಸ್ಥೆಯಲ್ಲಿ ಸರ್ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಅರ್ಧ. ಥೂ, ಅರ್ಧ! ನಾನಾದ್ರೂ ಕೇಳ್ಬೇಕಿತ್ತು."

"ನೀವು ಕೇಳಿದ್ರಿ ಸರ್. ನಾನೇ ಸರಿಯಾಗಿ ನೋಡ್ಲಿಲ್ಲ."

"ಈಗ ಅದೆಲ್ಲ ಬಿಡಿ. ಮೇಡಂ, ಒಂದ್ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಥೀಸಿಸ್ ಹಾಕ್ಬಿಡಿ. ಪೇಪರ್ ಪ್ರಿಂಟ್ ಆಗ್ಲಿ, ಆಮೇಲೆ ಒಂದು ತಿದ್ದುಪಡಿ ಕಳಿಸೋಣ. ಎಲ್ಲರೂ ಕಳಿಸ್ತಾರೆ. ಅದೇನ್ ಅಪರಾಧ ಅಲ್ಲ."

"ಗೊತ್ತಿದ್ದೂ ಪ್ರಿಂಟ್ ಮಾಡಿಸೋದಾ ಸರ್?"

"ಗೊತ್ತಾಗಿದ್ದು ಯಾವತ್ತು ಅಂತ ಯಾರ್ ಕೇಳ್ತಾರೆ?"

"ನನ್ನ ನೋಟ್‌ಬುಕ್ಕಲ್ಲಿ ತಾರೀಕಿದೆ."

"ಅಯ್ಯೋ, ಅದೊಂದು ನೋಟ್‌ಬುಕ್ ಇಟ್ಕೊಂಡಿದೀರಲ್ಲ ನೀವು!" ಎಂದು ನಕ್ಕರು. ನಗೆಯಲ್ಲಿ ಕಿರಿಕಿರಿ ಇತ್ತು. ಅವರ ಹೆಸರೂ ಆ ಲೇಖನದ ಮೇಲಿತ್ತು. ಆಮೇಲೆ ಮೆತ್ತಗಾದರು. "ಪೇಪರ್ ವಾಪಸ್ ತಗೊಂಡ್ರೆ ಡಿಸೆಂಬರ್ ಒಳಗೆ ಇನ್ನೊಂದು ಆಗಲ್ಲ. ಅದು ನಿಮಗೂ ಗೊತ್ತು. ನೋಂದಣಿ ಹೋಗುತ್ತೆ. ನನಗೇನೂ ಆಗಲ್ಲ ಮೇಡಂ, ಕಳ್ಕೊಳ್ಳೋದು ನೀವು. ಅದಕ್ಕೇ ನೀವೇ ತೀರ್ಮಾನ ಮಾಡಿ."

ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕು ದಿನ ಸರ್ ಹೇಳಿದ್ದೇ ಸರಿ ಎಂದುಕೊಂಡಿದ್ದೆ. ಪ್ರಬಂಧದ ಉಳಿದ ಅಧ್ಯಾಯಗಳಲ್ಲಿ ತಪ್ಪಿಲ್ಲ. ಆಕರಗಳ ಪ್ರಖರತೆಯ ಲೆಕ್ಕ, ಅವು ತೋಳುಗಳ ಉದ್ದಕ್ಕೂ ಹರಡಿರುವ ಬಗೆ, ಎಲ್ಲ ಗಟ್ಟಿಯಾಗಿದೆ. ಒಂದು ಅಧ್ಯಾಯಕ್ಕಾಗಿ ಆರು ವರ್ಷವನ್ನು ಯಾರಾದರೂ ಚೆಲ್ಲುತ್ತಾರೆಯೇ? ಬಸ್ಸಿನಲ್ಲಿ, ಕುಕ್ಕರಿನ ಮುಂದೆ, ಪ್ರಯೋಗಾಲಯದಲ್ಲಿ ಮಕ್ಕಳು ಲೋಲಕದ ಆಂದೋಲನ ಎಣಿಸುವಾಗ, ಇದೇ ವಾದವನ್ನು ಮತ್ತೆ ಮತ್ತೆ ಒಪ್ಪಿಸಿಕೊಂಡೆ. ಪ್ರತಿ ಸಲವೂ ಗೆದ್ದೆ.

ಭಾನುವಾರ ಬೆಳಿಗ್ಗೆ, ಹೇಗೂ ಮುಂದೆ ಬೇಕಾಗುತ್ತದಲ್ಲ ಎಂದು ಆ ತಿದ್ದುಪಡಿ ಪತ್ರವನ್ನು ಮುಂಚಿತವಾಗಿ ಬರೆದಿಡಲು ಕೂತೆ. ನನ್ನ ಅಭ್ಯಾಸವೇ ಅದು, ನಾಳೆಯ ಪಲ್ಯವನ್ನು ಇವತ್ತೇ ಹೆಚ್ಚಿಡುವವಳು. ಇಂಥ ಪತ್ರಗಳಿಗೆ ಒಂದು ಸಿದ್ಧ ಆರಂಭವಿದೆ: ಲೇಖನ ಪ್ರಕಟವಾದ ನಂತರ ಲೇಖಕರ ಗಮನಕ್ಕೆ ಬಂದದ್ದೇನೆಂದರೆ. ಅಷ್ಟು ಬರೆದೆ. ಲೇಖನ ಇನ್ನೂ ಪ್ರಕಟವಾಗಿರಲಿಲ್ಲ. ಗಮನಕ್ಕೆ ಬಂದು ಐದು ದಿನವಾಗಿತ್ತು. ಅಳಿಸಿ ಬೇರೆ ರೀತಿ ಬರೆದೆ. ಹೇಗೆ ಬರೆದರೂ ಪತ್ರದ ಮೊದಲ ವಾಕ್ಯಕ್ಕೆ ಒಂದು ಸುಳ್ಳು ತಾರೀಕು ಬೇಕಾಗುತ್ತಿತ್ತು. ಎಷ್ಟು ಸುತ್ತಿ ಬಳಸಿದರೂ ಅದನ್ನು ಬಿಟ್ಟು ವಾಕ್ಯ ನಿಲ್ಲಲಿಲ್ಲ. ಒಂಬತ್ತು ಗಂಟೆಗೆ ಕೂತವಳು ಹನ್ನೊಂದೂವರೆಗೆ ಎದ್ದೆ. ಆ ಕಡತ ಅಳಿಸಿ, ಪತ್ರಿಕೆಯ ಸಂಪಾದಕರಿಗೆ ಬೇರೆ ಪತ್ರ ಬರೆದೆ. ಅದಕ್ಕೆ ಹತ್ತು ನಿಮಿಷ ಸಾಕಾಯಿತು. ಲೇಖನದಲ್ಲಿ ತಪ್ಪಿದೆ, ತಪ್ಪು ಇಂಥದ್ದು, ದಯವಿಟ್ಟು ಮುದ್ರಿಸಬೇಡಿ.

ಸರ್‌ಗೆ ಫೋನ್ ಮಾಡಿ ಓದಿ ಹೇಳಿದೆ. ಆ ಕಡೆಯಿಂದ ಕುಕ್ಕರ್ ಕೂಗುವುದು ಕೇಳಿಸಿತು.

"ಕಳಿಸಿ," ಅಂದರು ಕೊನೆಗೆ. "ಅರ್ಧ ಅವಧಿಯ ಸಾಲು ಇನ್ನೂ ಸ್ವಲ್ಪ ಬಿಡಿಸಿ ಬರೀರಿ. ಬೇರೆಯವರಿಗಾದ್ರೂ ಉಪಯೋಗ ಆಗ್ಲಿ."

ಸಂಪಾದಕರಿಂದ ಎರಡು ಸಾಲಿನ ಉತ್ತರ ಬಂತು: ಲೇಖನ ಹಿಂಪಡೆಯಲಾಗಿದೆ, ಮುಂಚಿತವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಮಿಡಿತ ಬಿಟ್ಟು, ಉಳಿದ ಆಕರಗಳ ಲೆಕ್ಕವನ್ನಷ್ಟೇ ಇಟ್ಟುಕೊಂಡು ಹೊಸ ಲೇಖನ ಕಟ್ಟಿ ಡಿಸೆಂಬರ್ ಮೊದಲ ವಾರ ಕಳಿಸಿದೆವು. ಹೊಸ ಲೇಖನವೆಂದರೆ ಹೊಸ ಸರದಿ, ಹೊಸ ಪರಿಶೀಲಕರು. ಡಿಸೆಂಬರ್ ಮೂವತ್ತೊಂದಕ್ಕೆ ಅದರ ಸುದ್ದಿಯೇ ಇರಲಿಲ್ಲ.

ಅವತ್ತು ಪ್ರಬಂಧವನ್ನಷ್ಟೇ ಹಿಡಿದು ಹೋದಾಗ ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗದ ಗುಮಾಸ್ತರು ನನ್ನ ಕಡತವನ್ನು ಎರಡು ಸಲ ತಿರುವಿ ಹಾಕಿದರು.

"ಮೇಡಂ, ಅಕ್ಸೆಪ್ಟೆನ್ಸ್ ಲೆಟರ್ ಇದೆ ಅಂತ ಹೋದ್ ತಿಂಗ್ಳು ಫೋನಲ್ಲಿ ಹೇಳಿದ್ರಲ್ಲ?"

"ಇತ್ತು. ವಾಪಸ್ ಕೊಟ್ಟೆ."

"ವಾಪಸ್ ಕೊಟ್ರಾ? ಅದನ್ನ ಯಾರಾದ್ರೂ ವಾಪಸ್ ಕೊಡ್ತಾರೇನ್ರೀ!" ಪಕ್ಕದ ಮೇಜಿನವರೂ ತಲೆಯೆತ್ತಿದರು. "ಒಂದ್ ಜೆರಾಕ್ಸ್ ಆದ್ರೂ ಇಟ್ಕೊಂಡಿದೀರಾ? ಅದನ್ನೇ ಹಾಕಿ, ಯಾರ್ ನೋಡ್ತಾರೆ."

ಜೆರಾಕ್ಸ್ ಬ್ಯಾಗಿನಲ್ಲೇ ಇತ್ತು. ಇಲ್ಲ ಅಂದೆ.

ಜನವರಿಯಲ್ಲಿ ನೋಂದಣಿ ರದ್ದಾದ ಪತ್ರ ಬಂತು. ಮನೆಯವರು ಅದನ್ನು ಓದಿ, ಮಡಚಿ, ಮೇಜಿನ ಮೇಲಿಟ್ಟರು. ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಗುರುವಾರ. ಕೇಳದೆಯೇ ಹಿಟ್ಟಿನ ಡಬ್ಬಿ ಇಳಿಸಿಕೊಂಡರು. ಹೊಸ ಲೇಖನ ಏಪ್ರಿಲ್‌ನಲ್ಲಿ ಸ್ವೀಕಾರವಾಯಿತು, ಒಂದೇ ಸುತ್ತಿನಲ್ಲಿ, ಯಾರೂ ಏನೂ ಕೇಳಲಿಲ್ಲ. ಲಗತ್ತಿಸಲು ಪ್ರಬಂಧಕ್ಕೆ ನೋಂದಣಿಯೇ ಇರಲಿಲ್ಲ.

ಹೊಸದಾಗಿ ನೋಂದಾಯಿಸಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಜುಲೈನ ಒಂದು ಭಾನುವಾರ ಯಶವಂತಪುರದ ಹತ್ತಿರದ ಪರೀಕ್ಷಾ ಕೇಂದ್ರಕ್ಕೆ ಹೋದೆ. ಬಾಗಿಲಲ್ಲಿ ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು, ಕೊನೆ ಗಳಿಗೆಯಲ್ಲಿ ಸೂತ್ರಗಳ ಹಾಳೆ ನೋಡುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ಕಂಡು ಅದನ್ನು ಬೆನ್ನ ಹಿಂದೆ ಅವಿತಿಟ್ಟಳು. ಮೂರು ವರ್ಷದ ಹಿಂದೆ ನನ್ನ ಹತ್ತಿರ ಬಿ.ಎಸ್ಸಿ. ಓದಿದವಳು.

"ನಮಸ್ತೆ ಮೇಡಂ. ಇವತ್ತು ನಮ್ ಹಾಲ್‌ಗೆ ನೀವೇನಾ ಇನ್ವಿಜಿಲೇಟರ್? ಸದ್ಯ, ಗೊತ್ತಿರೋರು."

"ಇಲ್ಲಮ್ಮ," ಎಂದು, ಅವಳ ನಂತರದ ಸಂಖ್ಯೆಯಿದ್ದ ನನ್ನ ಹಾಲ್ ಟಿಕೆಟ್ ತೆಗೆದು ತೋರಿಸಿದೆ. "ನಿನ್ನ ಹಿಂದಿನ ಬೆಂಚು ನಂದು. ಹಾಳೆ ತೆಗಿ, ಇನ್ನೂ ಐದು ನಿಮಿಷ ಇದೆ. ಇಬ್ಬರೂ ಓದೋಣ."